ತಣಿಯುವ ಹುಳು

ಲಿಖಿತಾಳ ಎರಡನೇ ಜಡೆಗೆಂದು ಕೂದಲನ್ನು ಮೂರು ಪಾಲು ಮಾಡುತ್ತಿದ್ದಾಗ ಫೋನು ಬಡಿದುಕೊಂಡಿತು.

"ಎತ್ಬೇಡಮ್ಮ, ಮೊದ್ಲು ಜಡೆ ಹಾಕು" ಎಂದಳು. ಒಂಬತ್ತು ವರ್ಷದವಳಿಗೆ ಒಂಟಿ ಜಡೆಯಲ್ಲಿ ಶಾಲೆಗೆ ಹೋಗುವುದೆಂದರೆ ಸಣ್ಣ ಅವಮಾನವಲ್ಲ.

ನಾನು ಎತ್ತಲಿಲ್ಲ. ಬಾಚಣಿಗೆಯಲ್ಲಿ ಮತ್ತೆ ಒಂದು ಉಂಡೆ ಕೂದಲು ಬಂದಿತ್ತು. ಅವಳು ನೋಡದ ಹಾಗೆ ಅದನ್ನು ಸೆರಗಿನ ಗಂಟಿಗೆ ಸೇರಿಸಿದೆ. ಕಾಡಿಗೆ ಹಚ್ಚಿದಂತಿದ್ದ ಕೂದಲು ಈ ಎರಡು ವರ್ಷದಲ್ಲಿ ಮುಸುಕಿನ ಜೋಳದ ಜುಟ್ಟಿನ ಬಣ್ಣಕ್ಕೆ ತಿರುಗಿದೆ. ಅವಳೊಬ್ಬಳದೇ ಅಲ್ಲ. ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತರೆ ಎಲ್ಲ ತಲೆಗಳೂ ಅದೇ ಕೆಂಚು. ಆಸ್ಪತ್ರೆಯಲ್ಲಿ ಕೇಳಿದರೆ, ಬೇಳೆ ಕೊಡಿ ಎನ್ನುತ್ತಾರೆ. ಅವರೆ ಇಲ್ಲ, ತೊಗರಿ ಇಲ್ಲ, ಅಲಸಂದೆ ಇಲ್ಲ. ಕಾಳಿನ ಹೊಟ್ಟು ತಿಂದು ಬದುಕುತ್ತಿದ್ದ ಹಸು ಕೋಳಿಗಳೂ ಕಡಿಮೆಯಾಗಿ ಹಾಲು ಮೊಟ್ಟೆ ಕೈಗೆಟುಕುತ್ತಿಲ್ಲ. ಬೇಳೆ ಕೊಡಿ ಎಂದು ಬರೆದ ಚೀಟಿಯನ್ನು ನಾನು ಮಡಚಿ ಇಟ್ಟಿದ್ದೇನೆ.

ಫೋನು ಮತ್ತೆ ಬಡಿದುಕೊಂಡಿತು. ಈ ಸಲ ಎತ್ತಿದೆ. ನಾನು ಕೆಲಸ ಮಾಡುವ ಕೇಂದ್ರದ ನಸೀಮಾ ಮೇಡಂ.

"ಅರುಣಾ, ಹೆಂಗಿದ್ದೀಯೋ ಹಂಗೇ ಬಾ. ಇಪ್ಪತ್ತಾರು ಕಂಬ ಒಟ್ಟಿಗೆ ಕೂಗ್ತಾ ಇದಾವೆ. ಎರಡು ದಿನದ ಬಟ್ಟೆ ತಗೊಂಡು ಬಾ."

ಲಿಖಿತಾ ಅರ್ಧ ಬಿಚ್ಚಿದ ಕೂದಲನ್ನು ಮುಷ್ಟಿಯಲ್ಲಿ ಹಿಡಿದು ನನ್ನ ಕಡೆ ತಿರುಗಿದಳು. ಅವಳು ಅಳುವುದಿಲ್ಲ, ಅದೇ ನನಗೆ ಸಂಕಟ. "ಮತ್ತೆ ಹುಳ?" ಎಂದು ಮಾತ್ರ ಕೇಳಿದಳು.

"ಹುಳ ನಿನ್ನ ಜವಾಬ್ದಾರಿ. ಬೆಳಗ್ಗೆ ಎಷ್ಟು ಹೊತ್ತಿಗೆ?"

"ಶಾಲೆಗೆ ಹೋಗೋಕೆ ಮುಂಚೆ. ಸಂಜೆ ಬಂದ ತಕ್ಷಣ."

"ಕುಂಚದಲ್ಲಿ ಮೆತ್ತಗೆ..."

"ಮೆತ್ತಗೆ ಉದುರಿಸ್ಬೇಕು. ಗೊತ್ತಮ್ಮ."

ನಮ್ಮ ಅತ್ತೆ ಗಂಗುಳಮ್ಮ ಒಲೆಯ ಮುಂದಿನಿಂದಲೇ ಕೂಗಿದರು: "ಹೋಗೇ ತಾಯಿ, ಹೋಗು. ನಲವತ್ತು ವರ್ಸ ರೇಸ್ಮೆ ಹುಳ ಸಾಕಿರೋ ಕೈ ಇದು. ನಿನ್ನ ತೊಂಬತ್ತನಾಕು ಹುಳ ಸಾಕಕ್ಕಾಗಲ್ವಾ?"

ಆ ತೊಂಬತ್ತನಾಲ್ಕು ಹುಳುಗಳ ಮೇಲೆಯೇ ನಮ್ಮೆಲ್ಲರ ಜೀವ ನಿಂತಿತ್ತು. ಅದನ್ನು ಸ್ವಲ್ಪ ಹಿಂದಿನಿಂದಲೇ ಹೇಳಬೇಕು.

ಶಿಡ್ಲಘಟ್ಟದ ಕಡೆಯ ನಮ್ಮಂಥ ಊರುಗಳಲ್ಲಿ ಪ್ರತಿ ಮನೆಗೂ ಒಂದು ಹುಳದ ಮನೆ ಇತ್ತು. ರೇಷ್ಮೆಯ ನೂಲನ್ನು ಕಾರ್ಖಾನೆಯ ತೊಟ್ಟಿಗಳಲ್ಲಿ ಬೆಳೆಯುವುದನ್ನು ಕಲಿತ ಮೇಲೆ ಗೂಡು ಕೇಳುವವರಿಲ್ಲದೆ ಹುಳ ಸಾಕುವ ತಟ್ಟೆಗಳೆಲ್ಲ ಖಾಲಿಯಾದವು. ಆಗ ಬಂದದ್ದು ಹಸಿರುಕಾವಲು ನಿಗಮ. ಅವರು ಹೊಲಗಳಲ್ಲಿ ಕಂಬ ನೆಟ್ಟರು. ಗಿಡದ ಹೇನು ರಸ ಹೀರಲು ಚುಚ್ಚಿದ ಅವರೆ ಎಲೆ ಒಂದು ಬಗೆಯ ವಾಸನೆ ಬಿಡುತ್ತದೆ. ನಮ್ಮ ಮೂಗಿಗೆ ಅದು ತಿಳಿಯದು, ಕಂಬಕ್ಕೆ ತಿಳಿಯುತ್ತದೆ. ಕಂಬ ಅದನ್ನು ನಮ್ಮ ಕೇಂದ್ರದ ನಿಯಂತ್ರಣ ಕೋಣೆಗೆ ತಿಳಿಸುತ್ತದೆ, ನಾವು ಹತ್ತಿರದ ಹುಳದ ಮನೆಗೆ ತಿಳಿಸುತ್ತೇವೆ. ಅಲ್ಲಿ ಸಾಕಿದ, ಹೇನು ತಿನ್ನುವ ಗುಲಗಂಜಿ ಹುಳುಗಳ ಪೆಟ್ಟಿಗೆ ಹೊಲಕ್ಕೆ ಹೋಗುತ್ತದೆ. ಇಷ್ಟೇ ವ್ಯವಸ್ಥೆ.

ಕೆಟ್ಟದ್ದು ಕಂಬದಲ್ಲಿ ಇರಲಿಲ್ಲ, ಹುಳುವಿನಲ್ಲಿ ಇತ್ತು. ಮಾಮೂಲಿ ಗುಲಗಂಜಿ ಹುಳು ಹೊಟ್ಟೆ ತುಂಬ ಹೇನು ತಿಂದು ಎಲೆಯ ಅಡಿಯಲ್ಲಿ ಸುಮ್ಮನೆ ಕೂರುತ್ತದೆ. ಸಾಕು ಎಂಬ ಸುದ್ದಿಯನ್ನು ಅದರ ಹೊಟ್ಟೆ ತಲೆಗೆ ಕಳಿಸುತ್ತದೆ. ಆ ಸುದ್ದಿಯನ್ನು ತಡೆದುಬಿಟ್ಟರೆ? ಒಂದು ಹುಳು ನಾಲ್ಕು ಹುಳುವಿನ ಕೆಲಸ ಮಾಡೀತಲ್ಲ? ನಿಗಮದವರು ಹಾಗೆ ತಡೆದ ತಳಿಗೆ ಏಳನೇ ತಳಿ ಎಂದು ಹೆಸರಿಟ್ಟರು. ಊರಿನವರು ಬಕಾಸುರ ಎಂದರು. "ನಿಮ್ಮ ಮಾವನೂ ಇಂಗೇ. ಏಳಿ ಅಂದ್ರೂ ಎಲೆ ಬಿಟ್ಟು ಏಳ್ತಿರ್ಲಿಲ್ಲ" ಎಂದು ಅತ್ತೆ ನಗುತ್ತಿದ್ದರು. ಮೊದಲ ಮೂರು ವರ್ಷ ಎಲ್ಲರೂ ನಕ್ಕೆವು. ಅವರೆ ಗಿಡದಲ್ಲಿ ಒಂದು ಹೇನಿಲ್ಲ. ಸೊಗಡಿನ ಕಾಯಿ ಚೀಲ ಚೀಲ.

ಹೇನು ಮುಗಿದ ಮೇಲೂ ಬಕಾಸುರನಿಗೆ ಸಾಕಾಗಲಿಲ್ಲ. ಜಾಲರೆಕ್ಕೆ ಹುಳು ನೂಲಿನ ತುದಿಯಲ್ಲಿ ಇಟ್ಟ ಮೊಟ್ಟೆ ತಿಂದಿತು. ಹೂನೊಣದ ಮರಿ ತಿಂದಿತು. ಜೇಡ ಸುತ್ತಿಟ್ಟ ಮೊಟ್ಟೆಯ ಬಿಳಿ ಚೀಲ ಹರಿದು ತಿಂದಿತು. ಹೇನನ್ನು ತಿನ್ನುತ್ತಿದ್ದವರೆಲ್ಲ ಖಾಲಿಯಾದ ಮೇಲೆ ತನ್ನ ಜಾತಿಯನ್ನೇ ತಿಂದಿತು. ಈ ಪಟ್ಟಿ ಈಗ ಶಾಲೆಯ ಮಕ್ಕಳಿಗೂ ಬಾಯಿಪಾಠ. ಇತ್ತ ಹೇನು ಗಂಡಿನ ಹಂಗಿಲ್ಲದೆ ಮರಿ ಹಾಕುತ್ತದೆ. ಹೊಟ್ಟೆಯಲ್ಲಿರುವ ಮರಿಯ ಹೊಟ್ಟೆಯಲ್ಲೂ ಆಗಲೇ ಇನ್ನೊಂದು ಮರಿ. ಬೇಲಿಯ ಮೂಲೆಯಲ್ಲಿ ಉಳಿದ ನಾಲ್ಕು ಹೇನಿಗೆ ಇಡೀ ಸೀಮೆ ತುಂಬಲು ಒಂದು ತಿಂಗಳು ಸಾಕಾಯಿತು. ಔಷಧಿಗೆ ಅವು ಜಗ್ಗುವುದು ಬಿಟ್ಟು ಯಾವ ಕಾಲವಾಯಿತೋ.

ಎರಡು ವಾರದ ಹಿಂದೆ ನಸೀಮಾ ಮೇಡಂಗೆ ಪಾಳುಬಾವಿಯ ಹತ್ತಿರದ ಎಕ್ಕದ ಗಿಡದಲ್ಲಿ ಹನ್ನೊಂದು ಹಳೆಯ ಗುಲಗಂಜಿ ಹುಳುಗಳು ಸಿಕ್ಕಿದವು. ಎಕ್ಕದ ಮೇಲಿನ ಹಳದಿ ಹೇನಿನ ಮೈಯಲ್ಲಿ ಎಕ್ಕದ ಹಾಲಿನ ವಿಷವಿರುತ್ತದೆ. ಸ್ವಲ್ಪ ತಿಂದು ನಿಲ್ಲಿಸುವ ಹುಳು ಅದನ್ನು ತಡೆದುಕೊಳ್ಳುತ್ತದೆ. ನಿಲ್ಲಿಸಲಾಗದ ಬಕಾಸುರ ಅಲ್ಲೇ ಸಾಯುತ್ತದೆ. ಹಾಗಾಗಿ ಆ ಗಿಡವೊಂದು ಹಳಬರಿಗೆ ಕೋಟೆಯಾಗಿ ಉಳಿದಿತ್ತು. ಮೇಡಂ ಅವುಗಳನ್ನು ಕೇಂದ್ರದಲ್ಲಿ ಇಡಲಿಲ್ಲ. ಅಲ್ಲಿ ಗಾಳಿಯಲ್ಲೂ ಬಕಾಸುರನ ಮೊಟ್ಟೆ. ಒಂದು ಡಬ್ಬಿಯಲ್ಲಿ ತಂದು ನನ್ನ ಕೈಗಿಟ್ಟು, "ನಿಮ್ಮದು ಹುಳದ ಮನೆತನ. ಬಾಗಿಲು ಹಾಕಿ ಸಾಕು" ಎಂದರು. ಹನ್ನೊಂದು ಹುಳು ಇಟ್ಟ ಮೊಟ್ಟೆಯಿಂದ ತೊಂಬತ್ತನಾಲ್ಕು ಮರಿ. ಅವು ರೆಕ್ಕೆಯ ಹುಳುವಾಗಲು ಇನ್ನು ಹತ್ತು ದಿನ. ಹಾಗಾದರೆ ಈ ಚಳಿಗಾಲದ ಅವರೆಗೆ ಬಿಡಬಹುದು, ಕಾಯಿ ಕಚ್ಚೀತು, ನನ್ನ ಮಗಳ ತಟ್ಟೆಗೆ ಕಾಳು ಬಿದ್ದೀತು.

ಮರಿಗಳಿಗೆ ಹೇನು ಬೇಕಲ್ಲ. ಹೇನಿಗೇನು ಬರ! ಲಿಖಿತಾ ಹಿತ್ತಲಿನ ಸೊರಗಿದ ಅವರೆ ಬಳ್ಳಿಯಿಂದ ದಿನಕ್ಕೆರಡು ಸಲ ಕುಂಚದಲ್ಲಿ ಕಪ್ಪು ಹೇನು ಉದುರಿಸಿ ತಂದು ತಟ್ಟೆಗೆ ಹಾಕುತ್ತಿದ್ದಳು. ಮೊದಲ ಸಲ ಒಂದು ಮರಿ ತಿಂದು ತಿಂದು ಕೊನೆಗೆ ಮುಖ ಆಚೆ ಮಾಡಿ ಮಲಗಿದಾಗ ಅವಳು ಓಡಿ ಬಂದಿದ್ದಳು. "ಅಮ್ಮ, ಅದು ಬಿಟ್ಬಿಡ್ತು! ಇನ್ನೂ ಹೇನಿದ್ವು, ಬಿಟ್ಬಿಡ್ತು!" ಅವಳ ಬದುಕಿನಲ್ಲಿ ಸಾಕು ಎಂದ ಹುಳುವನ್ನು ಅವಳು ನೋಡಿದ್ದು ಅದೇ ಮೊದಲು.

ನಿಯಂತ್ರಣ ಕೋಣೆಯ ಗೋಡೆಯ ತುಂಬ ತಾಲೂಕಿನ ನಕ್ಷೆ. ನಾನು ಹೋದಾಗ ಇಪ್ಪತ್ತಾರು ಕೆಂಪು ಚುಕ್ಕೆ ಇದ್ದವು. ಮಧ್ಯಾಹ್ನಕ್ಕೆ ನಲವತ್ತು. ಪೆಟ್ಟಿಗೆ ಹೋದ ಹೊಲದ ಚುಕ್ಕೆ ಮೂರು ಗಂಟೆಯೊಳಗೆ ಹಳದಿಯಾಗಬೇಕು. ಒಂದೂ ಆಗಲಿಲ್ಲ. ಗಾಡಿಯವರು ಫೋನು ಮಾಡಿದರು: ಪೆಟ್ಟಿಗೆ ತೆರೆದರೆ ಒಳಗೆ ರೆಕ್ಕೆಯ ಚೂರುಗಳು, ಮಧ್ಯೆ ಒಂದೋ ಎರಡೋ ಜೀವಂತ ಹುಳು. ದಾರಿಯಲ್ಲೇ ಒಂದನ್ನೊಂದು ತಿಂದು ಮುಗಿಸಿದ್ದವು.

ಪರದೆಯ ಮೇಲೆ ನಿಗಮದ ಅಧಿಕಾರಿಯೊಬ್ಬರು ಬಂದರು. "ಬಿಡುಗಡೆ ದುಪ್ಪಟ್ಟು ಮಾಡಿ" ಎಂದರು.

"ದುಪ್ಪಟ್ಟು ಹಾಕಿದ್ರೆ ದುಪ್ಪಟ್ಟು ತಿನ್ಕೊಳ್ತಾವೆ ಸಾರ್" ಎಂದರು ನಸೀಮಾ ಮೇಡಂ.

"ನಡುವೆ ರಟ್ಟು ಇಟ್ಟು ಬೇರೆ ಬೇರೆ ಕಳಿಸಿ."

"ಬರೀ ಕೈಯಲ್ಲಿ ಒಂದೊಂದಾಗಿ ಎತ್ತಿ?"

"ಇದ್ದಾರಲ್ಲ, ಹೆಂಗಸರು." ಪರದೆ ಆರಿತು.

ಮೇಡಂ ನನ್ನ ಕಡೆ ನೋಡಿ, "ನೋಡು, ಇದ್ದೀವಂತೆ" ಎಂದರು. ಇಬ್ಬರೂ ನಗಲಿಲ್ಲ. ಅವತ್ತು ಮತ್ತು ಮರುದಿನ ನಾವು ಎಂಟು ಜನ ಹೆಂಗಸರು ಕುಂಚದ ತುದಿಯಲ್ಲಿ ಹುಳು ಎತ್ತಿ ಬೆಂಕಿಪೊಟ್ಟಣದಷ್ಟು ಗೂಡುಗಳಿಗೆ ಒಂದೊಂದಾಗಿ ತುಂಬಿದೆವು. ಎತ್ತುವಾಗ ಅವು ಕುಂಚದ ಕೂದಲನ್ನೇ ಕಡಿಯುತ್ತಿದ್ದವು. ಎಷ್ಟು ಸಲ ನೋಡಿದರೂ ನನಗೆ ಅವುಗಳ ಮೇಲೆ ಸಿಟ್ಟು ಬರುವುದಿಲ್ಲ. ಹುಟ್ಟಿದಾಗಿನಿಂದ ಸಾಯುವವರೆಗೆ ಹಸಿದೇ ಇರುವ ಜೀವದ ಮೇಲೆ ಯಾರಿಗೆ ಸಿಟ್ಟು ಬಂದೀತು?

ಅವುಗಳನ್ನು ಮೊದಲು ಸಾಕಿದವಳು ನಾನೇ. ಏಳು ವರ್ಷದ ಹಿಂದೆ, ಪರೀಕ್ಷೆಗೆಂದು ಕಟ್ಟಿದ ನೆಟ್ ಮನೆಯಲ್ಲಿ. ಅಷ್ಟು ಮನೆಯಲ್ಲಿ ಎಲ್ಲರಿಗೂ ಗೊತ್ತು, ಮಗಳಿಗೂ. ಆಗ ಲಿಖಿತಾ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಒಂದು ಸಂಜೆ, ಹೇನು ಮುಗಿದ ಗಿಡವೊಂದರಲ್ಲಿ ಏಳನೇ ತಳಿಯ ಮರಿ ಜೇಡದ ಮೊಟ್ಟೆಯ ಚೀಲವನ್ನು ತೂತು ಮಾಡಿ ತಲೆ ತೂರಿಸಿದ್ದನ್ನು ನೋಡಿದೆ. ತಾಯಿ ಜೇಡ ಚೀಲದ ಸುತ್ತ ಓಡಾಡುತ್ತಿತ್ತು. ನನ್ನ ಕೈಯಲ್ಲಿ ತಪಾಸಣೆಯ ನಮೂನೆ ಇತ್ತು. ಬೆಳೆಗೆ ಹಾನಿ? ಮನುಷ್ಯರಿಗೆ ಹಾನಿ? ಜಾನುವಾರಿಗೆ ಹಾನಿ? ಜೇಡದ ಬಗ್ಗೆ ಯಾರೂ ಕೇಳಿರಲಿಲ್ಲ. ಎದೆ ಹಾಲು ತುಂಬಿ ಕಲ್ಲಾಗಿತ್ತು, ಬಸ್ಸಿಗೆ ಹತ್ತು ನಿಮಿಷ ಉಳಿದಿತ್ತು. ಮೂರೂ ಕಡೆ ಇಲ್ಲ ಎಂದು ಬರೆದು ಸಹಿ ಹಾಕಿದೆ. ಬರೆದದ್ದು ಸುಳ್ಳಲ್ಲ. ಈ ಮಾತನ್ನು ನಾನು ಇವತ್ತಿನವರೆಗೆ ನಸೀಮಾ ಮೇಡಂಗೂ ಹೇಳಿಲ್ಲ.

ಮೊದಲ ದಿನ ಸಂಜೆ ನಾಲ್ಕೂವರೆಗೆ ಅತ್ತೆಯ ಫೋನು ಬಂತು. ಒಂದು ಕೈಯಲ್ಲಿ ಕುಂಚ, ಭುಜಕ್ಕೆ ಒತ್ತಿಕೊಂಡ ಫೋನು.

"ಅರುಣಮ್ಮ, ಹುಳ ಜ್ವರಕ್ಕೆ ಕುಂತವೆ ಕಣೇ. ಬಾಲ ಅಂಟಿಸ್ಕೊಂಡು, ತಲೆ ಕೆಳಕ್ಕಾಕಿ, ಅಳ್ಳಾಡ್ದಂಗೆ ಕುಂತವೆ. ಮೇವು ನಿಲ್ಸ್ಲಾ?"

ಪೊರೆ ಬಿಡುವುದಕ್ಕೆ ರೇಷ್ಮೆಯವರು ಜ್ವರ ಎನ್ನುತ್ತೇವೆ. ರೇಷ್ಮೆ ಹುಳು ಜ್ವರಕ್ಕೆ ಕೂತರೆ ಮೇವು ನಿಲ್ಲಿಸಬೇಕು, ಹಾಸಿಗೆ ಒಣಗಲೆಂದು ಸುಣ್ಣದ ಪುಡಿ ಉದುರಿಸಬೇಕು, ಬಾಗಿಲು ಹಾಕಿ ಆ ಕಡೆ ತಲೆ ಹಾಕಬಾರದು. ಎಲ್ಲ ಹುಳುವೂ ಒಟ್ಟಿಗೆ ಕೂತು ಒಟ್ಟಿಗೆ ಏಳುತ್ತವೆ. ನಮ್ಮ ಕಡೆಯ ಮಗು ಅ ಆ ಕಲಿಯುವ ಮೊದಲು ಕಲಿಯುವ ಪಾಠ ಇದು. ಜ್ವರದಲ್ಲಿ ಮೇವು ಕೊಟ್ಟವಳ ಕೈಗುಣ ಸರಿಯಿಲ್ಲ ಎಂದು ಹೆಣ್ಣು ನೋಡುವಾಗ ಆಡಿಕೊಳ್ಳುತ್ತಿದ್ದರು.

"ನಿಲ್ಸಿ ಅತ್ತೆ" ಎಂದೆ. ಬಾಯಿ ತಾನಾಗಿಯೇ ಹೇಳಿತು.

"ಸುಣ್ಣ?"

"ಒಂಚೂರು ಉದುರ್ಸಿ."

ಆ ಕಡೆ ಲಿಖಿತಾ ಫೋನು ಕಿತ್ತುಕೊಂಡ ಸದ್ದು. "ಅಮ್ಮ, ಎಲ್ಲಾ ಕುಂತಿಲ್ಲ. ಕೆಲವು ಓಡಾಡ್ತಾ ಇದಾವೆ. ಅವಕ್ಕೆ ಹೊಟ್ಟೆ..."

ಅದೇ ಗಳಿಗೆಗೆ ಗೋಡೆಯ ಮೇಲೆ ಇನ್ನೂ ಮೂರು ಚುಕ್ಕೆ ಕೆಂಪಾದವು. ನಸೀಮಾ ಮೇಡಂ ನನ್ನ ಹೆಸರು ಕೂಗಿದರು.

"ಅಜ್ಜಿ ಹೇಳ್ದಂಗೆ ಕೇಳು ಪುಟ್ಟಿ" ಎಂದು ಫೋನು ಇಟ್ಟೆ.

ಅವಳು ಕೇಳಿದಳು. ಕೇಳುವ ಮಗು ಅದು.

ಮೂರನೇ ದಿನ ಮಧ್ಯಾಹ್ನ ಬಸ್ಸಿನಲ್ಲಿ ಕೂತಾಗ ನನಗೆ ಹೊಳೆಯಿತು. ಕಿಟಕಿಯಾಚೆ ಅವರೆ ಹೊಲಗಳು ಮಸಿ ಬಳಿದಂತೆ ಕಪ್ಪಗಿದ್ದವು. ಹೇನಿನ ಅಂಟಿಗೆ ಇರುವೆಗಳು ಸಾಲುಗಟ್ಟಿದ್ದವು. ಟಿಕೆಟ್ಟು ಮಡಚುತ್ತಿದ್ದ ಕೈ ನಿಂತಿತು. ಗುಲಗಂಜಿ ಮರಿಗಳು ರೇಷ್ಮೆ ಹುಳುವಿನ ಹಾಗೆ ಒಟ್ಟಿಗೆ ಜ್ವರಕ್ಕೆ ಕೂರುವುದಿಲ್ಲ. ಒಂದು ಕೂತಿರುವಾಗ ಪಕ್ಕದ್ದು ಹಸಿದು ತಿರುಗುತ್ತಿರುತ್ತದೆ. ಸೊಪ್ಪು ತಿನ್ನುವ ಹುಳು ಉಪವಾಸವಿದ್ದರೆ ಬರೀ ಸೊರಗುತ್ತದೆ. ಮಾಂಸ ತಿನ್ನುವ ಹುಳು ಎದುರಿಗೆ ಯಾರು ಅಲ್ಲಾಡದೆ ಕೂತಿದ್ದಾರೋ ಅವರನ್ನು ತಿನ್ನುತ್ತದೆ. ಇದು ನನಗೆ ಗೊತ್ತಿತ್ತು. ಹತ್ತು ವರ್ಷದಿಂದ ಗೊತ್ತಿತ್ತು. ಫೋನು ಹಿಡಿದ ಗಳಿಗೆಯಲ್ಲಿ ಮಾತ್ರ ನಾನು ಕೇಂದ್ರದವಳಾಗಿರಲಿಲ್ಲ, ಹುಳದ ಮನೆಯ ಸೊಸೆಯಾಗಿದ್ದೆ.

ಮನೆಗೆ ಫೋನು ಮಾಡಿದೆ. ಯಾರೂ ಎತ್ತಲಿಲ್ಲ.

ಅತ್ತೆ ಹುಳದ ಮನೆಯ ಹೊರಗೆ, ಗೋಡೆಗೊರಗಿ ಕೂತಿದ್ದರು. ಎರಡೂ ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಸುಣ್ಣದ ಬಿಳುಪು ಇನ್ನೂ ಬೆರಳ ಸಂದಿಯಲ್ಲಿತ್ತು.

"ಬೆಳಿಗ್ಗೆ ಬಾಗ್ಲು ತೆಗ್ದೆ ಕಣವ್ವ" ಎಂದರು. "ಎದ್ದಿರ್ತವೆ, ಮೇವಾಕಾನ ಅಂತ."

ನಾನು ಅವರ ಪಕ್ಕ ಕುಳಿತು ಕೈ ಹಿಡಿದುಕೊಂಡೆ. "ನಾನೇ ಹೇಳಿದ್ದು ಅತ್ತೆ, ನಿಲ್ಸಿ ಅಂತ."

"ನಲವತ್ತು ವರ್ಸದಾಗೆ ಒಂದು ತಟ್ಟೆ ಕೆಡಿಸಿರ್ಲಿಲ್ಲ ಈ ಕೈ." ಕೈಯನ್ನು ನನ್ನಿಂದ ಬಿಡಿಸಿಕೊಂಡು ಸೆರಗಿನಲ್ಲಿ ಮುಚ್ಚಿಕೊಂಡರು.

ಒಳಗೆ ಲಿಖಿತಾ ಶಾಲೆಗೆ ಹೋಗದೆ ತಟ್ಟೆಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ನಸೀಮಾ ಮೇಡಂ ಕೊಟ್ಟ ಭೂತಕನ್ನಡಿ ಅವಳ ಕೈಯಲ್ಲಿತ್ತು. ಬಿಳಿ ಪುಡಿಯ ಮೇಲೆ ಒಣಗಿದ ಸಿಪ್ಪೆಗಳು. ಕೆಲವಕ್ಕೆ ತಲೆ ಮಾತ್ರ ಉಳಿದಿತ್ತು. ಪೊರೆ ಬಿಟ್ಟು ಎದ್ದ ಎಳೆಯ ಮೈಗಳನ್ನು ಸುಣ್ಣ ಸುಟ್ಟಿತ್ತು. ಸುಣ್ಣಕ್ಕೆ ಸಿಗದವನ್ನು ಅಕ್ಕಪಕ್ಕದವು ತಿಂದಿದ್ದವು. ತಟ್ಟೆಯ ಅಂಚಿನಲ್ಲಿ ಎರಡು ಮರಿ ಜೀವಂತ ಇದ್ದವು. ಒಂದಕ್ಕೆ ಕಾಲು ಮೂರೇ. ಇನ್ನೊಂದು ದಪ್ಪಗಿತ್ತು.

ನಾನು ಹಿತ್ತಲಿಗೆ ಓಡಿದೆ, ಬಳ್ಳಿಯಿಂದ ಬರೀ ಕೈಯಲ್ಲೇ ಹೇನು ಉಜ್ಜಿ ತಂದೆ. ಎರಡನ್ನೂ ಬೇರೆ ಬೇರೆ ಲೋಟಕ್ಕೆ ಹಾಕಿ ಹೇನು ಉದುರಿಸಿದೆ. ದಪ್ಪಗಿದ್ದದ್ದು ಹತ್ತಿರ ಹೋಗಿ ಮೂಸಿ ಮುಖ ತಿರುಗಿಸಿ ಕೂತಿತು. ಅದಕ್ಕೆ ಸಾಕಾಗಿತ್ತು. ಮೂರು ಕಾಲಿನದು ಒಂದು ಹೇನನ್ನು ಹಿಡಿಯಲು ನೋಡಿ, ಮಗುಚಿ ಬಿದ್ದು, ಹಾಗೆಯೇ ಉಳಿಯಿತು.

ಒಂದು ಹುಳುವಿನಿಂದ ವಂಶ ನಡೆಯುವುದಿಲ್ಲ. ಲಿಖಿತಾಗೂ ಅದು ಗೊತ್ತು. ಎಕ್ಕದ ಗಿಡಕ್ಕೆ ಮತ್ತೆ ಹೋಗಿ ನೋಡಬಹುದು. ಮೇಡಂ ಮೂರು ಸಲ ಹೋಗಿ ಬರಿಗೈಯಲ್ಲಿ ಬಂದಿದ್ದಾರೆ. ಮೊಟ್ಟೆ ಇಟ್ಟ ಹನ್ನೊಂದೂ ತೀರಿಕೊಂಡಿವೆ. ಈ ವರ್ಷದ ಅವರೆ ಇಲ್ಲ. ಮುಂದಿನ ವರ್ಷದ್ದು ಯಾರು ಬಲ್ಲರು.

ಏನಾದರೂ ಮಾಡಬೇಕೆಂದು ಬಾಚಣಿಗೆ ತಂದು ಅವಳ ಹಿಂದೆ ಕೂತೆ. ತಲೆ ಎರಡು ದಿನದಿಂದ ಗಂಟುಗಂಟಾಗಿತ್ತು. ಒಂದೊಂದೇ ಗಂಟನ್ನು ಬೆರಳಿನಿಂದ ಬಿಡಿಸತೊಡಗಿದೆ.

"ನಾನು ನೋಡ್ದೆ ಅಮ್ಮ" ಎಂದಳು ಆಮೇಲೆ.

"ಏನನ್ನ?"

"ಅವತ್ತು ಸಂಜೆನೇ. ಬಾಗ್ಲು ಸಂದೀಲಿ. ಓಡಾಡ್ತಿತ್ತಲ್ಲ, ಅದು ಕುಂತಿರೋದನ್ನ ಬೆನ್ನಿಂದ ತಿಂತಿತ್ತು. ಕುಂತಿರೋದಕ್ಕೆ ಓಡಕ್ಕಾಗ್ತಿರ್ಲಿಲ್ಲ." ಭೂತಕನ್ನಡಿಯನ್ನು ಲಂಗದಲ್ಲಿ ಒರೆಸಿದಳು. "ಅಜ್ಜಿಗೆ ಹೇಳೋಣ ಅಂತಿದ್ದೆ. ಬಾಗ್ಲಾಕಿದ್ಮೇಲೆ ನೋಡ್ಬಾರ್ದು ಅಂದಿದ್ರು, ನೋಡಿದ್ಯಾಕೆ ಅಂತ ಬೈತಾರೆ ಅಂತ ಸುಮ್ನಾದೆ. ನೀನೂ ಅಜ್ಜಿ ಹೇಳ್ದಂಗೆ ಕೇಳು ಅಂದಿದ್ದೆ."

"ನಿಂದೇನೂ ತಪ್ಪಿಲ್ಲ ಕಂದ."

"ಹೇಳಿದ್ರೆ ಉಳೀತಿದ್ವು."

"ನಿನ್ನನ್ನ ಯಾರೂ ಕೇಳ್ಲಿಲ್ಲವಲ್ಲ." ನಾನು ಅವಳ ತಲೆಯನ್ನು ಎದೆಗೊತ್ತಿಕೊಂಡೆ. "ಕೇಳದೇ ಇರೋದನ್ನ ಹೇಳೋದು ದೊಡ್ಡೋರಿಗೂ ಕಷ್ಟ. ನೋಡಿರ್ತೀವಿ, ಅಷ್ಟೇ. ಕೆಲಸ ಇರುತ್ತೆ, ಹೊತ್ತಾಗಿರುತ್ತೆ..."

ಅವಳನ್ನು ಸಮಾಧಾನ ಮಾಡಲೆಂದೇ ಶುರು ಮಾಡಿದ ಮಾತು. ಎಲ್ಲಿಗೆ ಬಂದು ನಿಂತಿತೆಂದು ನನಗೆ ತಿಳಿಯುವ ಮೊದಲೇ ಅವಳ ತಲೆ ನನ್ನ ಕೈಯೊಳಗೆ ಅಲ್ಲಾಡದೆ ನಿಂತಿತು. ಅವಳು ಮೆಲ್ಲಗೆ ಬಿಡಿಸಿಕೊಂಡು ನನ್ನ ಕಡೆ ತಿರುಗಿದಳು. ಹೊರಗೆ ಅತ್ತೆ ಕೆಮ್ಮಿದರು. ನಾನು ಬಾಚಣಿಗೆಯಿಂದ ಕೂದಲು ಬಿಡಿಸುವವಳಂತೆ ಕೆಳಗೆ ನೋಡಿದೆ. ಅವಳು ಬಗ್ಗಿ ನನ್ನ ಮುಖವನ್ನೇ ಹುಡುಕಿದಳು.

"ಅಮ್ಮ, ಬಕಾಸುರ ಜೇಡದ ಮೊಟ್ಟೆ ತಿನ್ನೋದನ್ನ ನೆಟ್ ಮನೇಲಿ ನೀನೂ ನೋಡಿದ್ಯಾ?"